ಕೆಂಪು ನೀರಿನ ಕೊಡ

ಯರಗಟ್ಟಿಯ ಗೌಂಡಿ ಚಮನಸಾಬನ ಬಲಗೈಯ ಮೂರು ಬೆರಳು ಜಜ್ಜಿದವನು ನಮ್ಮ ಓಣಿಯ ಮಡಿವಾಳೆಪ್ಪ. ನಾನು ಕಣ್ಣಾರೆ ನೋಡಿದ್ದೇನೆ, ನಡುವೆ ಹೋಗಿ ಬಿಡಿಸಲಿಲ್ಲ. ಅದಕ್ಕೇ ಇದನ್ನು ಹೇಳುವಾಗ ನನಗೆ ಅವನಿಗಿಂತ ನನ್ನ ಮೇಲೆಯೇ ಹೆಚ್ಚು ಸಿಟ್ಟು ಬರುತ್ತದೆ.

ಗಟಾರ ಕಟ್ಟುವುದರಲ್ಲಿ ಚಮನಸಾಬನದು ಎತ್ತಿದ ಕೈ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ; ಇವನ ಕೈ ಮೂವತ್ತು ವರ್ಷ ಕೆಸರಾದರೂ ಬಾಯಿಗೆ ಬಂದದ್ದು ರೊಟ್ಟಿ, ಖಾರ ಅಷ್ಟೇ. ಅವನದೊಂದು ಪದ್ಧತಿ ಇತ್ತು. ಹೊಸ ಗಟಾರವನ್ನು ಹಳೆಯದಕ್ಕೆ ಕೂಡಿಸಿದ ಮೇಲೆ ಒಂದು ಕೊಡ ಕೆಮ್ಮಣ್ಣಿನ ನೀರು ಸುರಿದು, ಆಚೆ ತುದಿಗೆ ಹೋಗಿ ನಿಲ್ಲುತ್ತಿದ್ದ. ಕೆಂಪು ನೀರು ಹೊರಗೆ ಬಂದದ್ದು ಕಂಡ ಮೇಲೆಯೇ ಕಲ್ಲು ಮುಚ್ಚುತ್ತಿದ್ದ.

ಎಪ್ಪತ್ತನಾಲ್ಕರಲ್ಲಿ ಮುಂಗಾರಿಗೆ ಮೊದಲು ಕೆಂಚವ್ವ ಅವನನ್ನು ಕರೆಸಿದಳು. ಗಂಡನಿಲ್ಲದ ಹೆಂಗಸು, ಮಳೆ ಬಂದರೆ ಹಿತ್ತಲ ನೀರೆಲ್ಲ ಅಡಿಗೆಮನೆಗೆ ನುಗ್ಗುತ್ತಿತ್ತು. ಪಕ್ಕದ ಮನೆ ಮಡಿವಾಳೆಪ್ಪನದು. ಅವನ ಅಂಗಳದ ಅಂಚಿನಲ್ಲಿ ನೆಲದಡಿ ಹಳೆಯ ಕಲ್ಲುಗಟಾರವೊಂದು ರಸ್ತೆಯವರೆಗೆ ಹೋಗಿತ್ತು. ಅದಕ್ಕೆ ಕೂಡಿಸಿಕೊಳ್ಳಲು ಅವನೂ ಒಪ್ಪಿದ. ಚಮನಸಾಬ ಅಗೆದು ಹಾರೆ ಹಾಕಿದಾಗ ಪೊಳ್ಳು ಸಿಕ್ಕಿತು. ಕೆಂಪು ನೀರು ಸುರಿದರೆ ನೆಲ ಗಟಗಟನೆ ಕುಡಿಯಿತು. ಅಷ್ಟರಲ್ಲಿ ಮೋಡ ಕವಿಯಿತು. ಅವತ್ತು ಒಂದೇ ದಿನ ಅವನು ಆಚೆ ತುದಿಗೆ ಹೋಗದೆ ಕಲ್ಲು ಮುಚ್ಚಿಬಿಟ್ಟ.

ಅದು ಗಟಾರವಾಗಿರಲಿಲ್ಲ. ಮಡಿವಾಳೆಪ್ಪ ನೆಲದೊಳಗೆ ಜೋಳ ತುಂಬಿಟ್ಟಿದ್ದ ಹಗೆಯ ಕೊರಳಾಗಿತ್ತು.

ನಾಲ್ಕು ಮಳೆಯಾದ ಮೇಲೆ ಹಗೆ ತೆಗೆದರೆ ಎರಡು ವರ್ಷದ ಜೋಳ ಕಪ್ಪಗೆ ಕೊಳೆತು ನಾರುತ್ತಿತ್ತು. ಗಟಾರದ ಬದಲು ಹಗೆಗೆ ಕೆಂಚವ್ವ ಬೇಕಂತಲೇ ನೀರು ಬಿಟ್ಟಳೆಂದು ಮಡಿವಾಳೆಪ್ಪ ತಿಳಿದ. ಹಾರೆಯಿಂದ ಅವಳ ಬಾಗಿಲು ಒಡೆದು, ಕೂದಲು ಹಿಡಿದು ಅವಳನ್ನು ಹಗೆಯ ಬಾಯಿಯವರೆಗೆ ಎಳೆದು ತಂದು ಒದ್ದ. ಅವಳ ಹಣೆ ಒಡೆದು ರಕ್ತ ಕಣ್ಣಿಗೆ ಇಳಿಯಿತು. ಇಡೀ ಓಣಿ ಕಟ್ಟೆ ಹತ್ತಿ ನಿಂತು ನೋಡಿತು. ಅವನು ಹಾರೆ ಎತ್ತಿದಾಗ ಚಮನಸಾಬ ಓಡಿ ಬಂದ.

“ಆಕಿನ್ನ ಬಿಡ್ರಿ ಮಡಿವಾಳೆಪ್ಪ. ಹಗೆದಾಗ ಕೆಮ್ಮಣ್ಣು ಹತ್ತೇತಿ, ನೋಡ್ರಿ. ಅದು ನನ್ನ ನೀರು. ತಪ್ಪು ನಂದು.”

ಸುಮ್ಮನಿದ್ದಿದ್ದರೆ ತಪ್ಪು ಅವನದೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

“ಯಾವ ಕೈಲೆ ಅಗದಿ?” ಎಂದ ಮಡಿವಾಳೆಪ್ಪ.

ಚಮನಸಾಬ ಬಲಗೈ ಚಾಚಿದ. ಮಡಿವಾಳೆಪ್ಪ ಅದನ್ನು ಹಗೆಯ ಬಾಯಿಗಲ್ಲಿನ ಮೇಲೆ ಕಾಲಿಂದ ಒತ್ತಿ ಹಿಡಿದು ಹಾರೆಯಿಂದ ಕುಟ್ಟಿದ, ಮೂರು ಸಲ. ಎಲುಬು ಮುರಿದ ಸದ್ದು ಕಟ್ಟೆಯ ಮೇಲಿದ್ದ ನನಗೂ ಕೇಳಿಸಿತು.

ಪೊಲೀಸರು ಬಂದಾಗ ಚಮನಸಾಬ, ಕೈ ಮೇಲೆ ಕಲ್ಲು ಬಿತ್ತು ಅಂದ. ಯಾಕೆ ಸುಳ್ಳು ಹೇಳಿದೆ ಎಂದು ನಾನು ಬೈದೆ.

“ಜೋಳಾನೂ ಹೋತು. ಅಂವನ್ನೂ ಒಳಗ ಹಾಕಿದ್ರ ಅಂವನ ಮಕ್ಕಳು ಏನ ತಿನ್ನಬೇಕ್ರಿ?” ಎಂದ.

ಗಾಯ ಮಾಯ್ದ ಮೇಲೆ ಅವನು ಎಡಗೈಯಿಂದಲೇ ಮತ್ತೆ ಅಗೆದ. ಎರಡು ಮೊಳ ಆಚೆ ನಿಜವಾದ ಗಟಾರ ಸಿಕ್ಕಿತು. ಹಣೆಯ ಮೇಲೆ ಗಾಯದ ಗುರುತು ಉಳಿದಿದ್ದ ಕೆಂಚವ್ವ ಕೆಂಪು ನೀರಿನ ಕೊಡ ತಂದು ಸುರಿದಳು. ರಸ್ತೆಯ ತುದಿಗೆ ಚಮನಸಾಬ ಮಡಿವಾಳೆಪ್ಪನನ್ನೇ ನಿಲ್ಲಿಸಿದ್ದ.

“ಬಂತೇನ್ರಿ?”

ಮಡಿವಾಳೆಪ್ಪ ಬಗ್ಗಿ ಗಟಾರದ ಬಾಯಿ ನೋಡಿದ. ಆಮೇಲೆ, “ಬಂತು.”

“ಹಂಗಾರ ಕಲ್ಲು ನೀವ ಮುಚ್ಚರಿ. ಒಂದ ಕೈಲೆ ನನಗ ಆಗೂದಿಲ್ಲ.”

ಕಲ್ಲು ಮೀಟಲು ಮಡಿವಾಳೆಪ್ಪ ಒಳಗೆ ಹೋಗಿ ಹಾರೆ ತಂದ. ಅವನ ಮನೆಯಲ್ಲಿದ್ದದ್ದು ಅದೊಂದೇ ಹಾರೆ.