ಗುಡ್‌ಬೈ ಪೂರ್ತಿಯಾಗಿ ಹೇಳಿದವಳು

ಆ ರೈಲಿನ ಹಾರ್ನ್ ಇನ್ನೂ ಕಿವಿಯಲ್ಲಿದೆ. ಅಜ್ಜಂಪುರ ಸ್ಟೇಷನ್ನಿನ ಬೆಂಚಿನಿಂದ ವಿಮಲಾ ಎದ್ದಳು. ಮರೆವಿನ ಕಾಯಿಲೆಯ ಈ ಕಾನ್ವೆಂಟ್ ಗೆಳತಿ ಅಷ್ಟು ಹೊತ್ತೂ ನನ್ನನ್ನು, ‘ಯಾರಮ್ಮಾ ನೀವು, ಶಿವನಿ ಊರಿನವ್ರಾ?’ ಎಂದೇ ಕೇಳುತ್ತಿದ್ದಳು.

‘ನಿನ್ ಫ್ರೆಂಡ್ ಕಣಮ್ಮ’ ಎಂದು ಅವಳ ಮಗಳು ಹೇಳಿದರೂ ಸುಮ್ಮನೆ ನಕ್ಕಳು. ಬೋಗಿ ಹತ್ತುವ ಮೊದಲು ನನ್ನ ಕೈ ಹಿಡಿದು, ‘ಗಾಡ್ ಬಿ ವಿತ್ ಯೀ’ ಅಂದಳು.

‘ದೇವರು ನಿನ್ನ ಜೊತೆಗಿರಲಿ’ ಎಂಬ ಈ ಹಳೆಯ ಇಂಗ್ಲಿಷ್ ಮಾತೇ ಸವೆದು ಗುಡ್‌ಬೈ ಆಯಿತೆಂದು ಸಿಸ್ಟರ್ ಕಲಿಸಿದ್ದರು. ಸಂಜೆ ಸ್ಕೂಲ್ ಗೇಟಿನಲ್ಲಿ ಅದನ್ನು ಪೂರ್ತಿಯಾಗಿ ಹೇಳಿಕೊಳ್ಳುತ್ತಿದ್ದವರು ನಾವಿಬ್ಬರೇ.

ಅವಳಿಗೆ ನನ್ನ ಗುರುತು ಸಿಕ್ಕಿತ್ತೋ, ಬಾಯಿಗೆ ಹಳೆಯ ಪಾಠವಷ್ಟೇ ಬಂದಿತ್ತೋ, ನನಗೆ ಇವತ್ತಿಗೂ ತಿಳಿಯದು. ಅವಳನ್ನು ನೋಡಿದ್ದು ಅದೇ ಕೊನೆ. ಕಿಟಕಿಯಿಂದ ನನಗೂ, ಪಕ್ಕದಲ್ಲಿದ್ದ ಕಡಲೆಕಾಯಿಯವನಿಗೂ ಒಂದೇ ಥರ ಕೈ ಬೀಸುತ್ತಾ ಹೋದಳು.