ನಾನೇ ಬಿಚ್ಚಿದೆ, ನಾನೇ ಮುಚ್ಚಿದೆ

ಜಾಗವಿಲ್ಲ ಎಂಬ ಮಾತನ್ನು ನಾನು ಸುಲಭವಾಗಿ ನಂಬುವವಳಲ್ಲ. ದಾಂಡೇಲಿಯಿಂದ ಹಳಿಯಾಳಕ್ಕೆ ಮುಂಜಾನೆ ಹೊರಡುವ ಬಸ್ಸಿನಲ್ಲಿ ಇಪ್ಪತ್ತು ವರ್ಷ ನಿಂತೇ ಓಡಾಡಿ, ನಿಂತವರ ನಡುವೆ ಇನ್ನೂ ಆರು ಜನ, ಒಂದು ಚೀಲ ಗೆಣಸು ಮತ್ತು ಒಂದು ಜೀವಂತ ಹುಂಜ ಹೇಗೆ ಹಿಡಿಸುತ್ತವೆಂಬುದನ್ನು ಕಣ್ಣಾರೆ ಕಂಡವಳು ನಾನು. ಆದ್ದರಿಂದ ಕಳೆದ ಮಳೆಗಾಲದ ಒಂದು ದಿನ ನನ್ನ ಲ್ಯಾಪ್‌ಟಾಪು ಪರದೆಯ ಮೇಲೊಂದು ಕೆಂಪು ಗೆರೆ ಎಳೆದು, ಇನ್ನು ಏನನ್ನೂ ಒಳಗೆ ಇಟ್ಟುಕೊಳ್ಳಲಾರೆನೆಂದು ವಿನಯಪೂರ್ವಕವಾಗಿ ತಿಳಿಸಿದಾಗ, "ಸರೀರಿ, ಒಳಗ ಸರೀರಿ" ಎಂದು ಕಂಡಕ್ಟರನ ಗತ್ತಿನಲ್ಲೇ ಗದರಿಸಿಬಿಟ್ಟೆ. ಅದು ಸರಿಯಲಿಲ್ಲ.

ಕನ್ನಡ ಶಿಕ್ಷಕಿಯಾಗಿ ನಿವೃತ್ತಿಯಾದ ವರ್ಷ ಆಸೆಪಟ್ಟು ಕೊಂಡ ಲ್ಯಾಪ್‌ಟಾಪು ಅದು. ನನ್ನ ಒಡೆತನದಲ್ಲಿ ತೆಳ್ಳಗಿರುವ ವಸ್ತು ಅದೊಂದೇ. ಒಡತಿಯ ವಿಚಾರ ಇಲ್ಲಿ ಅಪ್ರಸ್ತುತ. ಅದರ ಸಪೂರ ಮೈಯನ್ನು ಎರಡು ಬೆರಳಲ್ಲಿ ಎತ್ತಿ ನಾಲ್ಕು ಜನರೆದುರು ಓಡಾಡುವ ಸುಖಕ್ಕೆ ಮಾರುಹೋಗಿ, ಅಷ್ಟು ತೆಳುವಾದದ್ದರ ಹೊಟ್ಟೆ ಎಷ್ಟು ಹಿಡಿಸೀತು ಎಂದು ಕೇಳುವುದನ್ನೇ ಅಂದು ಮರೆತಿದ್ದೆ. ಅಂಗಡಿಯಲ್ಲಿ ಬಣ್ಣ ಮಾತ್ರ ವಿಚಾರಿಸಿದ್ದೆನೆಂದು ನೆನಪು.

ಆ ಹೊಟ್ಟೆಯನ್ನು ತುಂಬಿದ್ದು ಕೌದಿಗಳು. ಮುಂಡಗೋಡದ ಹತ್ತಿರದ ನಮ್ಮ ಇಂದೂರಿನ ಕಡೆ ಕೌದಿ ಎನ್ನುವುದಕ್ಕೆ ಹಳಿಯಾಳದ ಸುತ್ತಲಿನ ಸಿದ್ದಿ ಹೆಂಗಸರು ಕವಂದಿ ಎನ್ನುತ್ತಾರೆ. ಹಳೆಯ ಸೀರೆ, ಅಂಗಿ, ಲಂಗಗಳ ತುಂಡುಗಳನ್ನು ಒಂದು ಮೂಲೆಯಿಂದ ಹಚ್ಚುತ್ತ ಬಂದು, ಸುತ್ತು ಹಾಕುತ್ತ ಹಾಕುತ್ತ ನಡುವಿಗೆ ಬಂದು ಮುಗಿಸುವ ಅವರ ಹೊಲಿಗೆಯನ್ನು ಒಮ್ಮೆ ನೋಡಿದವರಿಗೆ ಮತ್ತೆ ಕಣ್ಣು ಕೀಳಲಾಗುವುದಿಲ್ಲ. ಅಂಗನವಾಡಿ ಶಿಕ್ಷಕಿ ಜೂಲಿಯಾನಾ ನನಗೆ ಇದರ ಹುಚ್ಚು ಹಿಡಿಸಿದವಳು. ಆಕೆಯೂ ಸಿದ್ದಿ, ಆಕೆಯ ತಾಯಿ ಮರಿಯಾಬಾಯಿ ಆ ಸುತ್ತಿನಲ್ಲೇ ಹೆಸರಾದ ಹೊಲಿಗೆಗಾರ್ತಿ. ನಾಲ್ಕು ವರ್ಷ ನಾವಿಬ್ಬರೂ ಹಳಿಯಾಳ, ಮುಂಡಗೋಡ, ಜೋಯಿಡಾಗಳ ಹಳ್ಳಿ ಸುತ್ತಿ, ನಲವತ್ತೊಂದು ಹೆಂಗಸರು ಕೌದಿ ಹೊಲಿಯುವುದನ್ನು ಆರಂಭದ ಗಂಟಿನಿಂದ ಕೊನೆಯ ಗಂಟಿನವರೆಗೆ ಮೊಬೈಲಿನಲ್ಲಿ ಚಿತ್ರೀಕರಿಸಿ ಲ್ಯಾಪ್‌ಟಾಪಿಗೆ ತುಂಬಿದ್ದೆವು. ಅವರಲ್ಲಿ ಕೆಲವರು ಈಗ ಇಲ್ಲ. ಮರಿಯಾಬಾಯಿ ಇದ್ದಾಳೆ, ಆದರೆ ಕೈ ನಡುಕ ಹತ್ತಿ ಮೂರು ವರ್ಷದಿಂದ ಸೂಜಿ ಹಿಡಿದಿಲ್ಲ. ಆಕೆಯ ಕೈ ನೆಟ್ಟಗೆ ಓಡುವುದನ್ನು ಇನ್ನು ನೋಡಬೇಕೆಂದರೆ ಆ ಲ್ಯಾಪ್‌ಟಾಪಿನಲ್ಲೇ ನೋಡಬೇಕು. ಮತ್ತು, ಓದುಗರು ಬೈಯುವ ಮೊದಲು ನಾನೇ ಒಪ್ಪಿಕೊಂಡುಬಿಡುತ್ತೇನೆ, ಅದರ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ನಕಲು ಮಾಡಬೇಡಿ ಎಂದು ಹೇಳಿ ಹೇಳಿ ನನಗೂ ಅದು ಮೈಗೂಡಿಹೋಗಿತ್ತೋ ಏನೋ.

"ಹಳೇವು ಒಂದ ಹತ್ತ ತಗದ ಒಗಿಯಲಾ" ಎಂದರು ನಮ್ಮ ಯಜಮಾನರು. ಮನೆಯ ಅಟ್ಟದ ಮೇಲಿನ ಒಂದು ಡಬ್ಬಿಯನ್ನೂ ಎಸೆಯಲು ಬಿಡದ ಮನುಷ್ಯ! ಆ ಹತ್ತು ಯಾರವು ಎಂದು ಕೇಳಿದೆ, ಪೇಪರು ಬಿಡಿಸಿಕೊಂಡರು.

ಹುಬ್ಬಳ್ಳಿಯ ಒಂದು ಅಂಗಡಿಗೆ ಒಯ್ದೆ. ಅಲ್ಲಿದ್ದಾತ ಲ್ಯಾಪ್‌ಟಾಪನ್ನು ಮಗುಚಿ ನೋಡಿ, "ಇದು ಭಾಳ ತೆಳ್ಳಂದ ಐತ್ರಿ. ಬಿಚ್ಚಾಕ ಹೋದ್ರ ಮುರೀತೈತಿ. ಒಳಗಿಂದಕ್ಕ ನಾವೇನ ಗ್ಯಾರಂಟಿ ಕೊಡೂದಿಲ್ಲ, ಹೊಸಾದ ತಗೊಂಡ ಬಿಡ್ರಿ" ಎಂದ. ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಪ್ರಬಂಧ ಹುಟ್ಟುತ್ತಿರಲಿಲ್ಲ. ಕಡತಗಳನ್ನೆಲ್ಲ ಹಿಡಿದಿಡುವ ಒಳಗಿನ ಪಟ್ಟಿಯನ್ನು, ಅಂದರೆ ಎಸ್‌ಎಸ್‌ಡಿಯನ್ನು, ಬದಲಿಸಲು ಬರುತ್ತದೋ ಇಲ್ಲವೋ ಎಂದು ನಾನು ಮತ್ತೆ ಕೇಳಿದಾಗ, "ನಿಮಗ ತಿಳಿಯೂದಿಲ್ರಿ ಅದು. ಮನ್ಯಾಗ ಯಾರರೆ ಗಂಡಸರಿದ್ರ ಕಳಸ್ರಿ" ಎಂದು ಸೇರಿಸಿದ. ನನಗೆ ಸಿಟ್ಟು ಬಂದರೆ ಮೊದಲು ಮೂಗು ಬೆವರುತ್ತದೆ. ಕನ್ನಡಕ ಜಾರಿತು. ಒಂದು ಇಡೀ ತಲೆಮಾರಿಗೆ ಸಂಧಿ ಬಿಡಿಸಿ, ಸಮಾಸ ಬಿಡಿಸಿ, ಒಂದು ಅಕ್ಷರ ತೆಗೆದು ಅದೇ ಜಾಗದಲ್ಲಿ ಇನ್ನೊಂದನ್ನು ಇಡುವ ಆದೇಶಸಂಧಿಯನ್ನು ಕಲಿಸಿದ ನನಗೆ ಒಂದು ಪಟ್ಟಿ ತೆಗೆದು ಇನ್ನೊಂದು ಪಟ್ಟಿ ಇಡಲು ಬಾರದೇ ಎಂದು ಅಲ್ಲೇ ನಿಶ್ಚಯಿಸಿದೆ.

ಆಮೇಲಿನ ಎರಡು ವಾರ ನಾನು ವಿದ್ಯಾರ್ಥಿನಿ. ಲ್ಯಾಪ್‌ಟಾಪಿನ ಕಂಪನಿಯ ಕೈಪಿಡಿಯನ್ನು ಪರೀಕ್ಷೆಗೆ ಓದಿದಂತೆ ಕೆಳಗೆ ಗೆರೆ ಹಾಕಿ ಓದಿದೆ. ಬಿಚ್ಚುವ ವಿಡಿಯೋಗಳನ್ನು ನೋಡಿದೆ. ನಾಲ್ಕು ಪಟ್ಟು ದೊಡ್ಡ ಹೊಟ್ಟೆಯ ಹೊಸ ಎಸ್‌ಎಸ್‌ಡಿ, ಅದನ್ನು ಹೊರಗಿನಿಂದ ಜೋಡಿಸುವ ಬೆಂಕಿಪೆಟ್ಟಿಗೆಗಿಂತ ತುಸು ಉದ್ದದ ಡಬ್ಬಿ, ಸೂಜಿ ಮೊನೆಯ ಸ್ಕ್ರೂಡ್ರೈವರ್ ತರಿಸಿದೆ. ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ಇಳಿಸಿದೆ. ಇಳಿಯಿತು ಎಂದು ಪರದೆ ಹೇಳಿತು. ಆದರೆ ಒಳಗೆ ಕೂರಿಸಿ ಚಾಲೂ ಮಾಡುವವರೆಗೆ ಅದನ್ನು ನಂಬುವಷ್ಟು ಧೈರ್ಯ ನನಗಿರಲಿಲ್ಲ. ಬರುವ ಭಾನುವಾರ ಬಿಚ್ಚುತ್ತೇನೆಂದು ಜೂಲಿಯಾನಾಗೆ ಫೋನಿನಲ್ಲಿ ಹೇಳಿದಾಗ ಆಕೆ ತಡೆದಳು.

"ಅವ್ವ ಒಳಗದಾಳ್ರಿ. ನೀವ ಒಬ್ರ ಬಿಚ್ಚಬ್ಯಾಡ್ರಿ, ನಾ ಬರ್ತೇನಿ."

ಭಾನುವಾರ ಹತ್ತು ಗಂಟೆಗೆ ಆಕೆ ದಾಂಡೇಲಿಯ ಅಂಬೇವಾಡಿಯಲ್ಲಿರುವ ನಮ್ಮ ಮನೆಗೆ ಬಂದಳು. ಯಜಮಾನರು ಮೇಜಿನ ಮೇಲೆ ಹಾಸಿದ ಬಿಳಿ ಬಟ್ಟೆ, ಅದರ ಮೇಲಿನ ಸಲಕರಣೆ ನೋಡಿ, "ನಾ ಇದನ್ನ ನೋಡಾಕ ಒಲ್ಲೆ" ಎಂದು ಕೊಡೆ ಹಿಡಿದು ಮೌಳಂಗಿಯ ಹೊಳೆದಂಡೆಗೆ ನಡೆದುಬಿಟ್ಟರು. ನಮ್ಮ ಮಗಳು ಹುಟ್ಟಿದ ದಿನವೂ ಅವರು ಹೀಗೆಯೇ ಎಲ್ಲಿಗೋ ಹೋಗಿದ್ದರು.

ಹಿಂಬದಿಯ ಒಂಬತ್ತು ಸ್ಕ್ರೂಗಳನ್ನು ತೆಗೆದು, ಎಲ್ಲಿಂದ ತೆಗೆದೆನೋ ಅದೇ ಕ್ರಮದಲ್ಲಿ ಕಾಗದದ ಮೇಲೆ ಚಿತ್ರ ಬರೆದು ಜೋಡಿಸಿದೆ. ಗ್ರಂಥಾಲಯದ ಹಳೆಯ ಸದಸ್ಯತ್ವದ ಕಾರ್ಡನ್ನು ಅಂಚಿನ ಸಂದಿಗೆ ತೂರಿಸಿದೆ. ಎಷ್ಟೋ ವರ್ಷಗಳ ನಂತರ ಆ ಕಾರ್ಡು ಏನನ್ನಾದರೂ ತೆರೆಯಲು ಹೊರಟಿತ್ತು. ಮೂರು ಬದಿ ಬಿಟ್ಟುಕೊಂಡಿತು, ನಾಲ್ಕನೆಯದು ಜಪ್ಪಯ್ಯ ಎನ್ನಲಿಲ್ಲ. ಇನ್ನಷ್ಟು ಬಲ ಹಾಕಿದೆ. ಒಳಗೆಲ್ಲೋ ಕಿರ್ರೆಂದಿತು.

"ತಡೀರಿ" ಎಂದು ಜೂಲಿಯಾನಾ ನನ್ನ ಕೈ ಹಿಡಿದಳು. ಆಮೇಲೆ ಕಣ್ಣು ಮುಚ್ಚಿ, ಹಳೆ ಕೌದಿಯಲ್ಲಿ ತೇಪೆಯ ಕೆಳಗೆ ಅಡಗಿದ ಗಂಟನ್ನು ಹುಡುಕುವ ಹಾಗೆ, ಆ ಬದಿಯ ಉದ್ದನೆಯ ರಬ್ಬರ್ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದಳು. "ಇಲ್ಲೊಂದು ತಗ್ಗ ಐತ್ರಿ. ಇಲ್ಲೂ ಐತಿ." ರಬ್ಬರು ಎತ್ತಿ ನೋಡಿದರೆ ಕೆಳಗೆ ಇನ್ನೂ ಎರಡು ಸ್ಕ್ರೂ! ನಾನು ಗೆರೆ ಹಾಕಿ ಓದಿದ ಕೈಪಿಡಿಯಲ್ಲಿ ಗೆರೆ ಹಾಕದೆ ಬಿಟ್ಟ ಒಂದೇ ಒಂದು ಸಾಲು ಅದಂತೆ, ಆಮೇಲೆ ನೋಡಿದೆ.

ಮುಚ್ಚಳ ಬಂತು. ಕೈಪಿಡಿ ಹೇಳಿದಂತೆ ಮೊದಲು ಬ್ಯಾಟರಿಯ ತಂತಿಯನ್ನು ಕಿತ್ತೆ. ಹಳೆಯ ಎಸ್‌ಎಸ್‌ಡಿ ಒಂದು ಬೆರಳಿನಷ್ಟು ಉದ್ದದ ಹಸಿರು ಪಟ್ಟಿ. ನಲವತ್ತೊಂದು ಹೆಂಗಸರು, ಅವರ ಅಂಗಳ, ನಡುವೆ ಕೂಗಿದ ಕೋಳಿ, ಕರೆದ ಮಕ್ಕಳು, ಎಲ್ಲ ಸೇರಿ ಇಷ್ಟೇ. ಅದನ್ನು ಬಟ್ಟೆಯ ಮೇಲೆ ಮಲಗಿಸಿ, ಹೊಸದನ್ನು ಓರೆಯಾಗಿ ತೂರಿಸಿ, ಬಾಗಿಸಿ, ಸ್ಕ್ರೂ ಬಿಗಿದೆ. ಬ್ಯಾಟರಿಯ ತಂತಿ ಮತ್ತೆ ಸಿಕ್ಕಿಸಿದೆ. ಮುಚ್ಚುವ ಮೊದಲು ನನ್ನೊಳಗಿನ ಪಂಡಿತೆಗೆ ಉಮೇದು ಬಂತು. ಕೌದಿಯ ನಡುವನ್ನು ಮುಚ್ಚುವ ಮುನ್ನ ಅದರ ಹೊಟ್ಟೆ ಬರಿದಾಗಿರಬಾರದೆಂದು ನಾಲ್ಕು ಅಕ್ಕಿಕಾಳು ಇಡುವುದು ಈ ಹೆಂಗಸರಲ್ಲಿ ಕೆಲವರ ರೂಢಿ. ನಾವೂ ಒಂದು ಕಾಳು ಇಡೋಣವೇ ಎಂದು ಅಡುಗೆಮನೆಯ ಕಡೆ ಹೊರಟೆ.

"ಹುಚ್ಚ ಹಿಡದೈತೇನ್ರಿ?" ಎಂದಳು ಜೂಲಿಯಾನಾ. "ಅದು ಕೌದಿಗೆ. ಇದು ಮಷೀನ."

ಮುಚ್ಚಿದೆ. ಗುಂಡಿ ಒತ್ತಿದೆ. ಏನೂ ಆಗಲಿಲ್ಲ.

ಮತ್ತೆ ಒತ್ತಿದೆ. ಕಪ್ಪು ಪರದೆಯಲ್ಲಿ ನನ್ನ ಮುಖ ಮಾತ್ರ ಕಂಡಿತು, ನೋಡುವಂಥ ಮುಖವಾಗಿರಲಿಲ್ಲ. ಚಾರ್ಜರ್ ಹಚ್ಚೋಣವೆಂದರೆ ಮಳೆಗೆ ಎಲ್ಲೋ ಟೊಂಗೆ ಬಿದ್ದು ಕರೆಂಟು ಹೋಗಿತ್ತು. ಹೊಸದರಲ್ಲೇ ದೋಷವಿರಬೇಕೆಂದು ಮತ್ತೆ ಬಿಚ್ಚಿ, ಹಳೆಯದನ್ನು ಅದರ ಜಾಗಕ್ಕೆ ಇಟ್ಟು, ಮುಚ್ಚಿ ಒತ್ತಿದೆ. ಆಗಲೂ ಕಪ್ಪು. ಮೈಯ ಸ್ಥಾಯೀ ವಿದ್ಯುತ್ತು ತಗುಲಿದರೆ ಇಂಥ ಪಟ್ಟಿಗಳು ಸತ್ತೇಹೋಗುತ್ತವೆಂದು ಓದಿದ್ದೆ, ಉಟ್ಟಿದ್ದದ್ದು ಪಾಲಿಯೆಸ್ಟರ್ ಸೀರೆ. ಹುಬ್ಬಳ್ಳಿಯವನ ಮಾತು ನಿಜವಾಯಿತೆಂಬ ಅವಮಾನ ಆ ಹೊತ್ತಿಗೆ ಎಲ್ಲಿಯೋ ಹೋಗಿತ್ತು. ನನ್ನ ಒಣಹಟಕ್ಕೆ ಇನ್ನೊಬ್ಬರ ತಾಯಿಯ ಕೈಯನ್ನು ಬಲಿಗೊಟ್ಟೆನಲ್ಲ ಎಂಬುದೊಂದೇ ಎದೆಯಲ್ಲಿ ಉಳಿದಿತ್ತು.

"ನಿಮ್ಮವ್ವನ್ನ ಕಳದ್ನೇನ ಜೂಲಿಯಾನಾ" ಎಂದೆ. ಅತ್ತೆನೆಂದೇ ಹೇಳಬೇಕು.

ಆಕೆಯ ಮುಖವೂ ಇಳಿದಿತ್ತು. ಆದರೆ ಆಕೆ ಹೊಲಿಗೆಯ ಮನೆಯಲ್ಲಿ ಬೆಳೆದವಳು. "ಇಲ್ಲೆ ಕುಂತ ಅತ್ರ ಏನಾಗ್ತೈತ್ರಿ? ಮತ್ತ ಬಿಚ್ಚೂಣು. ಹೊಲಿಗಿ ತಪ್ಪಿದ್ರ ನಾವು ನಡುವ ಕೈ ಹಾಕೂದಿಲ್ಲ. ಕಟ್ಟಕಡೀ ಹೊಲಿಗಿಂದ ಬಿಚ್ಚಕೋತ ಹಿಂದ ಹೊಕ್ಕೇವಿ. ನೀವು ಮುಚ್ಚೂಕ್ಕಿಂತ ಮೊದಲ ಕಡೀಕ ಮಾಡಿದ್ದು ಏನ್ರಿ?"

ಬ್ಯಾಟರಿಯ ತಂತಿ.

ಬಿಚ್ಚಿ ನೋಡಿದರೆ ಅದು ತನ್ನ ಗೂಡಿನಲ್ಲಿ ಅರ್ಧ ಕೂತಿತ್ತು, ಅರ್ಧ ಎದ್ದಿತ್ತು. ಎರಡು ಸಲವೂ ನಾನು ಮುರಿದೀತೆಂಬ ಹೆದರಿಕೆಯಲ್ಲಿ ಅದನ್ನು ಸವರಿ ಬಿಟ್ಟಿದ್ದೆ. "ಅಂಜಬ್ಯಾಡ್ರಿ, ಒತ್ರಿ" ಎಂದಳು. ಒತ್ತಿದೆ. ಟಕ್ ಎಂದಿತು. ಅಷ್ಟು ಚಿಕ್ಕ ಸದ್ದು ಅಷ್ಟು ದೊಡ್ಡ ಸಂತೋಷ ಕೊಟ್ಟದ್ದು ನನ್ನ ಆಯುಷ್ಯದಲ್ಲಿ ಬೇರೆ ನೆನಪಿಲ್ಲ. ಹಳೆಯದನ್ನು ತೆಗೆದು ಹೊಸದನ್ನೇ ಕೂರಿಸಿ ಗುಂಡಿ ಒತ್ತಿದಾಗ ಪರದೆ ಬೆಳಗಿತು, ಕೆಂಪು ಗೆರೆ ಹೋಗಿ ಉದ್ದಾನುದ್ದ ಖಾಲಿ ಜಾಗ ತೋರಿತು. ಮರಿಯಾಬಾಯಿಯ ಹೆಸರಿನ ಕಡತ ತೆರೆದೆವು. ಅಂಗಳದಲ್ಲಿ ಕಾಲು ಚಾಚಿ ಕೂತು ಆಕೆ ದಾರ ಪೋಣಿಸುತ್ತಿದ್ದಳು.

ಯಜಮಾನರು ಗೇಟಿನಾಚೆಯೇ ನಿಂತು, "ಮಷೀನ ಹತ್ತೇತೇನು?" ಎಂದು ಕೇಳಿದರು. "ಹತ್ತದ ಏನ್ರಿ" ಎಂದೆ, ದಿನಾ ಬೆಳಗಾದರೆ ನಾಲ್ಕು ಲ್ಯಾಪ್‌ಟಾಪು ಬಿಚ್ಚುವವಳ ಹಾಗೆ. ಆ ವಾರ ಅಂಬೇವಾಡಿಯಲ್ಲಿ ನನ್ನನ್ನು ಮಾತಾಡಿಸಿದ ಯಾರೂ ಈ ಕಥೆ ಕೇಳದೆ ಪಾರಾಗಲಿಲ್ಲ. ಹಾಲಿನವಳಿಗೆ ಹನ್ನೊಂದೂ ಸ್ಕ್ರೂಗಳ ಸ್ಥಾನ ಈಗ ಬಾಯಿಪಾಠ. ಹೆಮ್ಮೆಯನ್ನು ಮುಚ್ಚಿಡಬೇಕೆಂದು ಹಿರಿಯರು ಕಲಿಸಿದ್ದು ನಿಜ, ಆದರೆ ಅವರಾರೂ ಎಸ್‌ಎಸ್‌ಡಿ ಬದಲಿಸಿರಲಿಲ್ಲ.

ಆದರೆ ಆ ಸಂಜೆ ಜೂಲಿಯಾನಾ ಬಸ್ಸಿಗೆ ಹೊರಡುವಾಗ ಕೇಳಿದ್ದೊಂದು ಪ್ರಶ್ನೆ ನನ್ನ ಹೆಮ್ಮೆಯನ್ನು ಸ್ವಲ್ಪ ಬಗ್ಗಿಸಿತು. "ಇದನ್ನ ಅವ್ವಗ ಒಮ್ಮೆ ತೋರ್ಸಬಹುದೇನ್ರಿ?" ನಾಲ್ಕು ವರ್ಷ! ನಲವತ್ತೊಂದು ಜನರ ಅಂಗಳದಲ್ಲಿ ಚಹಾ ಕುಡಿದು, ಅವರ ಕೈಕೆಲಸವನ್ನು ಕಾಪಾಡುತ್ತಿದ್ದೇನೆಂದು ಬೀಗಿದವಳು, ಒಬ್ಬರಿಗೂ ಅದನ್ನು ತಿರುಗಿ ತೋರಿಸಿರಲಿಲ್ಲ. ನನಗೆ ನಾಚಿಕೆಯಾಯಿತು. ಹಳೆಯ ಎಸ್‌ಎಸ್‌ಡಿಯನ್ನು ಹೊರಗಿನಿಂದ ಜೋಡಿಸುವ ಆ ಪುಟ್ಟ ಡಬ್ಬಿಯೊಳಗಿಟ್ಟು, ಅದರ ತಂತಿಯ ಸಮೇತ ಅಲ್ಲೇ ಆಕೆಯ ಕೈಗೆ ಕೊಟ್ಟೆ. ಇನ್ನು ಪ್ರತಿ ಒಂದೇ ಅಲ್ಲ, ಕಾಯುವವಳೂ ಒಬ್ಬಳೇ ಅಲ್ಲ.

ಮುಂದಿನ ಭಾನುವಾರ ಲ್ಯಾಪ್‌ಟಾಪು ಹೊತ್ತು ಅವರ ಮನೆಗೆ ಹೋದೆ. ಮರಿಯಾಬಾಯಿಯ ಕೈ ನಡುಗುತ್ತದೆ, ಕಣ್ಣು ಮಾತ್ರ ಚೊಕ್ಕ. ತನ್ನನ್ನು ತಾನು ನೋಡಿ ಮೊದಲು ನಕ್ಕಳು, ಆಮೇಲೆ ಕೊಂಕಣಿಯಲ್ಲಿ ಏನೋ ಗೊಣಗಿದಳು, ಆಮೇಲೆ ಮುಂದಕ್ಕೆ ಬಾಗಿ ಪರದೆಗೆ ಬೆರಳು ಮುಟ್ಟಿಸಿದಳು.

"ನಿಲ್ಲಸ. ಆ ಕೆಂಪ ತುಂಡಿನ ಬಾಜೂಕ ನೋಡ. ಎರಡ ಸಾಲ ಒಂದಕ್ಕೊಂದ ಕೂಡ್ಯಾವ."

ಜೂಲಿಯಾನಾ ಒಳಗೆ ಹೋಗಿ ಅದೇ ಕೌದಿ ತಂದಳು. ಕೆಂಪು ತುಂಡಿನ ಪಕ್ಕ, ಬೇರೆಬೇರೆಯಾಗಿ ಓಡಬೇಕಿದ್ದ ಎರಡು ಹೊಲಿಗೆಯ ಸಾಲು ನಿಜವಾಗಿಯೂ ಕೂಡಿಕೊಂಡಿದ್ದವು. ಮೂರು ವರ್ಷ ಹೊದ್ದವರಿಗೆ ಯಾರಿಗೂ ಕಂಡಿರಲಿಲ್ಲ.

"ಇರಲಿ ಬಿಡವಾ, ಯಾರ ನೋಡ್ತಾರ" ಎಂದಳು ಮಗಳು.

"ನಾ ನೋಡೇನಲ್ಲ. ಬಿಚ್ಚಬೇಕ ಅದನ್ನ."

ಸೆರಗಿನ ಅಂಚಿಗೆ ಈಗಲೂ ಚುಚ್ಚಿಕೊಂಡಿರುವ ಸೂಜಿಯನ್ನು ಆಕೆ ಕಿತ್ತಳು. ಜೂಲಿಯಾನಾ ಕೈ ಚಾಚಿದಳು. ಮುದುಕಿ ಆ ಕೈಯನ್ನು ಸರಿಸಿ, ನಡುಗುವ ಬೆರಳುಗಳಲ್ಲಿ ಸೂಜಿಯನ್ನು ನನ್ನ ಕಡೆ ಹಿಡಿದಳು. ಬರೆಯುವ ಕೈಗೆ ಹೊಲಿಗೆ ಬರುವುದಿಲ್ಲವೆಂಬುದು ಆಕೆಯ ಖಚಿತ ಅಭಿಪ್ರಾಯ. ನಾಲ್ಕು ವರ್ಷದಲ್ಲಿ ಒಮ್ಮೆಯೂ ನನಗೆ ಸೂಜಿ ಮುಟ್ಟಗೊಟ್ಟವಳಲ್ಲ.

"ಅಕ್ಕೋರ ಬಿಚ್ಚಲಿ" ಎಂದಳು. "ಬಿಚ್ಚಿ ತಿರಗಿ ಹಚ್ಚೂದು ಅವರಿಗೆ ಬರ್ತೈತಿ, ಮಗಳು ಹೇಳ್ಯಾಳ."

ನಿವೃತ್ತಿಯ ದಿನ ನನಗೆ ಶಾಲು ಹೊದಿಸಿದ್ದರು, ಹಾರ ಹಾಕಿದ್ದರು, ಮೂರು ಜನ ಭಾಷಣ ಮಾಡಿದ್ದರು. ಆ ದಿನವೂ ನಾನು ಇಷ್ಟು ಹಿಗ್ಗಿರಲಿಲ್ಲ. ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿ, ಕೌದಿಯನ್ನು ಮಡಿಲಿಗೆ ಎಳೆದುಕೊಂಡು, ಮರಿಯಾಬಾಯಿಯ ಕಟ್ಟಕಡೆಯ ಹೊಲಿಗೆ ಎಲ್ಲಿದೆಯೆಂದು ಹುಡುಕತೊಡಗಿದೆ.