ಅಪ್ಪ ಕೂತಿದ್ದ ಕಡೆಯ ಸಾಲು

ನಾವು ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ಗೆ ಬಂದ ಹೊಸದರ ಆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಇಬ್ಬರು ಅಪ್ಪಂದಿರಿದ್ದರು. ಒಬ್ಬರು ಸೋಮವಾರದಿಂದ ಶುಕ್ರವಾರದವರೆಗೆ ಕ್ಲಿಯರ್ ಲೇಕ್‌ನ ಆಫೀಸಿಗೆ ಡ್ರೈವ್ ಮಾಡಿಕೊಂಡು ಹೋಗಿ, ಸಂಜೆ ಟ್ರಾಫಿಕ್ಕಿನ ಸಿಟ್ಟನ್ನೆಲ್ಲ ಮುಖದ ಮೇಲೆ ಹೊತ್ತು ಬಂದು, ಊಟಕ್ಕೆ ಕೂತರೆ ಉಪ್ಪು ಕೇಳುವುದಕ್ಕೆ ಮಾತ್ರ ಬಾಯಿ ತೆರೆಯುವ ಅಪ್ಪ. ಇನ್ನೊಬ್ಬರು ಸೆಪ್ಟೆಂಬರಿನ ಒಂದು ಶನಿವಾರ ಕಾವಿ ಬಣ್ಣದ ಟೀ ಶರ್ಟ್ ಹಾಕಿಕೊಂಡು, ಹಾಡು ಗುನುಗುತ್ತ ರೂಮಿನಿಂದ ಹೊರಬರುವ ಅಪ್ಪ. ಈ ಎರಡನೆಯ ಅಪ್ಪನಿಗಾಗಿ ನಾನು ವರ್ಷವಿಡೀ ಕಾಯುತ್ತಿದ್ದೆ.

ಆ ಶನಿವಾರ ನಾವು ಆಸ್ಟಿನ್‌ಗೆ ಹೋಗುತ್ತಿದ್ದೆವು. ಧಾರವಾಡದಿಂದ ಬಂದ ಅಪ್ಪ ಎಂ.ಎಸ್. ಓದಿದ್ದು ಅಲ್ಲಿ. ಆ ಕಾಲೇಜಿನ ಫುಟ್‌ಬಾಲ್ ದಿನ ಹೇಗಿರುತ್ತದೆಂದು ಟೆಕ್ಸಸ್‌ನಲ್ಲಿ ಬೆಳೆದ ನಿಮಗೆ ಹೇಳಬೇಕಾಗಿಲ್ಲ. ಊರಿಗೆ ಊರೇ ಕಾಲೇಜಿನ ಬಣ್ಣದ ಕಾವಿ ತೊಟ್ಟು ಬೀದಿಗಿಳಿದಿರುತ್ತಿತ್ತು. ಇಷ್ಟು ಮಂದಿ ಸನ್ಯಾಸಿಗಳು ಒಂದೇ ಕಡೆ, ಅದೂ ಕೈಯಲ್ಲಿ ಬೀರ್ ಹಿಡಕೊಂಡು, ಎಂದು ಅವ್ವ ಪ್ರತಿ ವರ್ಷ ನಗುತ್ತಿದ್ದಳು. ಚೆಂಡನ್ನು ಕೂಸಿನ ಹಾಗೆ ಅವಚಿಕೊಂಡು ಓಡುವ ಆಟಕ್ಕೆ ಫುಟ್‌ಬಾಲ್ ಅಂತ ಹೆಸರಿಟ್ಟವರು ಯಾರು ಎಂಬ ಅವಳ ಪ್ರಶ್ನೆಯೂ ಪ್ರತಿ ವರ್ಷದ್ದೇ.

ರಸ್ತೆಯ ಎರಡೂ ಬದಿ ಜನ ಗಾಡಿಗಳ ಹಿಂಬಾಗಿಲು ತೆರೆದು, ಇದ್ದಿಲೊಲೆ ಹಚ್ಚಿ ಮಾಂಸ ಸುಡುತ್ತಿದ್ದರು. ಆ ಹೊಗೆ, ಬಿಸಿಲಿಗೆ ಮೈಗೆ ಬಳಿದುಕೊಂಡ ಕ್ರೀಮು, ತುಳಿದ ಹುಲ್ಲು ಎಲ್ಲ ಸೇರಿ ಒಂದು ವಾಸನೆ ಬರುತ್ತಿತ್ತು. ನಮ್ಮ ಕಾರಿನೊಳಗೆ ಬೇರೆಯದೇ ವಾಸನೆ. ಅವ್ವ ನಸುಕಿನಲ್ಲೆದ್ದು ಗಿರಮಿಟ್ಟಿಗೆ ಹುಣಸೆಹುಳಿ, ಬೆಲ್ಲ, ಉಳ್ಳಾಗಡ್ಡಿ ಹಾಕಿ ಗೊಜ್ಜು ಕುದಿಸಿ ಸ್ಟೀಲ್ ಡಬ್ಬಿಗೆ ತುಂಬುತ್ತಿದ್ದಳು. ಚುರುಮುರಿ ಬೇರೆ ಚೀಲದಲ್ಲಿ, ಪುಠಾಣಿ ಪುಡಿ ಇನ್ನೊಂದರಲ್ಲಿ. ಮೊದಲೇ ಕಲಸಿದರೆ ಮೆತ್ತಗಾಗುತ್ತದೆ.

ಆಸ್ಟಿನ್‌ನಲ್ಲಿ ನಮಗೆ ಪ್ರಕಾಶ್ ಅಂಕಲ್ ಮನೆಯವರು ಸಿಗುತ್ತಿದ್ದರು. ಅಂಕಲ್ ಮೈಸೂರಿನವರು, ಕಾಲೇಜಿನಲ್ಲಿ ಅಪ್ಪನ ರೂಮ್‌ಮೇಟ್, ಆಗ ಡಲ್ಲಾಸ್ ಹತ್ತಿರದ ಕ್ಯಾರಲ್ಟನ್‌ನಲ್ಲಿದ್ದರು. ಅವರ ಮಗಳು ತನ್ವಿ. ನನ್ನದೇ ವಯಸ್ಸು. ಮನೆಯಲ್ಲಿ ಅಜ್ಜಿ ಇದ್ದುದರಿಂದ ತನ್ವಿಗೆ ಉದ್ದ ಜಡೆಯಿತ್ತು, ಮಣಿಮಣಿಯಂಥ ಕನ್ನಡವಿತ್ತು. ಕಾರಿನಿಂದ ಇಳಿದವಳೇ, ‘ಅಂಕಲ್, ಚೆನ್ನಾಗಿದ್ದೀರಾ?’ ಎನ್ನುತ್ತಿದ್ದಳು. ಅಪ್ಪ ಕರಗಿ ನೀರಾಗುತ್ತಿದ್ದರು. ನಮ್ಮ ಮನೆಯ ಏರ್ಪಾಡು ಬೇರೆ. ಅಪ್ಪ ಕನ್ನಡದಲ್ಲಿ ಕೇಳುವುದು, ನಾನು ಇಂಗ್ಲಿಷಿನಲ್ಲಿ ಹೇಳುವುದು. ಯಾರಿಗೂ ತೊಂದರೆಯಿಲ್ಲವೆಂದು ನಾನು ತಿಳಿದಿದ್ದೆ. ಆದರೆ ತನ್ವಿಯ ತಲೆ ಸವರಿ ಅಪ್ಪ ನನ್ನ ಕಡೆ ನೋಡುವ ಒಂದು ನೋಟವಿತ್ತು. ಒಡಹುಟ್ಟಿದವರಿಲ್ಲದ ನಾನು ಅಲ್ಲಿಯವರೆಗೆ ಅಪ್ಪನನ್ನು ಯಾರೊಂದಿಗೂ ಹಂಚಿಕೊಂಡವಳಲ್ಲ. ನಿಮ್ಮ ಬಾಲ್ಯದಲ್ಲೂ ಒಬ್ಬಳು ತನ್ವಿ ಇದ್ದಿರಬೇಕು. ಇರದಿದ್ದರೆ ನೀವು ಪುಣ್ಯವಂತರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಕ್ರೀಡಾಂಗಣದ ಕಟ್ಟಕಡೆಯ ಸಾಲಿನಲ್ಲಿ, ಆಕಾಶಕ್ಕೆ ತಾಗಿದಂತೆ, ಅಪ್ಪನ ಒಂದು ಸೀಟಿತ್ತು. ಅವರು ಅಮೆರಿಕೆಗೆ ಬಂದ ಹೊಸದರಲ್ಲಿ ಮೊದಲ ಆಟ ನೋಡಿದ್ದು ಅಲ್ಲಿ ಕೂತು. ಪ್ರತಿ ವರ್ಷ ಹಾಫ್ ಟೈಮ್ ಆದೊಡನೆ ಅವರು ಒಬ್ಬರೇ ಅಲ್ಲಿಗೆ ಹತ್ತಿ, ಸ್ವಲ್ಪ ಹೊತ್ತು ಕೂತು ಬರುತ್ತಿದ್ದರು. ನಾನು ಬೆನ್ನು ಹತ್ತಿದರೆ, ‘ಮೆಟ್ಟಲಾ ಭಾಳ ಎತ್ತರ ಅವ, ಬಂಗಾರ. ಹತ್ತು ವರ್ಷ ತುಂಬ್ಲಿ, ನಾ ನೀ ಇಬ್ರೇ ಹೋಗೂಣು. ಆ ಸೀಟಿಂದು ಒಂದು ಕಥಿ ಅದ, ಅಲ್ಲೇ ಕೂತು ಹೇಳ್ತೀನಿ’ ಎನ್ನುತ್ತಿದ್ದರು.

ಆ ವರ್ಷ ನನಗೆ ಹತ್ತು ತುಂಬಿತ್ತು. ಬೇಸಿಗೆಯಿಡೀ ನಾನು ಬೇರೇನನ್ನೂ ಯೋಚಿಸಲಿಲ್ಲ. ಆ ಕಥೆಯಲ್ಲಿ ಏನಿರಬಹುದೆಂದು ಹಾಸಿಗೆಯಲ್ಲಿ ಹೊರಳಾಡಿದೆ. ಅದರೊಳಗೆ ಕಳ್ಳರನ್ನು ನುಗ್ಗಿಸಿದೆ, ಬಿರುಗಾಳಿ ಎಬ್ಬಿಸಿದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ತನ್ವಿಗೆ ಫೋನ್ ಮಾಡಿ, ಅಪ್ಪ ನನ್ನನ್ನು ಮಾತ್ರ ಮೇಲೆ ಕರೆದುಕೊಂಡು ಹೋಗುತ್ತಾರೆ, ನನಗೆ ಮಾತ್ರ ಕಥೆ ಹೇಳುತ್ತಾರೆ ಎಂದು ಜಂಬ ಕೊಚ್ಚಿಕೊಂಡೆ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ.

ಆ ಸಲ ಕ್ರೀಡಾಂಗಣದ ಬಾಗಿಲಲ್ಲಿ ಹೊಸ ಕಾಯಿದೆ ಬಂದಿತ್ತು. ಒಳಗಿರುವುದೆಲ್ಲ ಕಾಣುವಂಥ ಪಾರದರ್ಶಕ ಚೀಲ ಮಾತ್ರ ಒಳಗೆ ಬಿಡುತ್ತಿದ್ದರು. ಅವ್ವ ಕಾಯಿದೆ ಮುರಿಯುವವಳಲ್ಲ. ಪಾರದರ್ಶಕ ಚೀಲವನ್ನೇ ತಂದಿದ್ದಳು. ಅದರೊಳಗೆ ಒಂದು ಬಟ್ಟೆ ಚೀಲ, ಬಟ್ಟೆ ಚೀಲಕ್ಕೆ ಗಂಟು, ಗಂಟಿನೊಳಗೆ ಗೊಜ್ಜಿನ ಡಬ್ಬಿ. ಬಾಗಿಲಲ್ಲಿದ್ದ ಹೆಂಗಸು ಗಂಟು ಬಿಚ್ಚಿಸಿ, ಮುಚ್ಚಳ ತೆಗೆಸಿ, ಮೂಗರಳಿಸಿ, ಹೊರಗಿನ ತಿಂಡಿ ನಡೆಯುವುದಿಲ್ಲವೆಂದು ಪಕ್ಕದ ಕಸದ ಡ್ರಮ್ ತೋರಿಸಿದಳು. ಇದೊಂದು ಸಲ ಹಾಕಿಬಿಡು, ಮಂದಿ ನಿಂತಾರ ಎಂದು ಅಪ್ಪ ಹಿಂದಿನಿಂದ ಗೋಗರೆದರು.

‘ಉಣ್ಣೂದನ್ನ ಕಸಕ್ಕ ಹಾಕೂದಿಲ್ಲ ನಾ’ ಎಂದಳು ಅವ್ವ. ಅಲ್ಲಿಗೆ ಆ ಮಾತು ಮುಗಿಯಿತು. ಡಬ್ಬಿಯನ್ನು ಕಾರಿನಲ್ಲಿ ಇಟ್ಟು ಬರುವುದೆಂದಾಯಿತು.

ಕಾರು ಹತ್ತಿರ ಇರಲಿಲ್ಲ. ಅಪ್ಪ ಯಾವಾಗಲೂ ತಾವು ಓದುವಾಗ ಇದ್ದ ಹಳೆಯ ಅಪಾರ್ಟ್‌ಮೆಂಟಿನ ಬೀದಿಯಲ್ಲೇ ಪಾರ್ಕ್ ಮಾಡಿ, ಅಲ್ಲಿಂದ ನಡೆದೇ ಬರಬೇಕೆನ್ನುವವರು. ಅವ್ವನಿಗೆ ಅಂಗಡಿ ಮುಂದೆ ನಿಲ್ಲಿಸಿದ ಕಾರೇ ಸಿಗುತ್ತಿರಲಿಲ್ಲ. ದಾರಿ ನೆನಪಿಟ್ಟುಕೊಳ್ಳುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ಅಪ್ಪ ಎರಡು ಟಿಕೆಟ್ ನನ್ನ ಕೈಗಿಟ್ಟು, ‘ಲಗೂ ಬರ್ರಿ. ಹಾಫ್ ಟೈಮ್‌ಗೆ ಮ್ಯಾಲೆ ಹೋಗೂದದ’ ಎಂದರು. ಮರೆತಿರಲಿಲ್ಲ. ಅವರ ಪಕ್ಕದಲ್ಲಿ ತನ್ವಿ ಜಡೆ ತಿರುವುತ್ತ ನಿಂತಿದ್ದಳು.

ನಾನು ಹೆಚ್ಚುಕಡಿಮೆ ಓಡಿದೆ. ಅವ್ವ ಬಿಸಿಲಿಗೆ ಏದುಸಿರು ಬಿಡುತ್ತ ಹಿಂದೆ ಬಂದಳು. ಕಾರು ಸಿಕ್ಕಿತು. ಡಬ್ಬಿ ಇಟ್ಟು ಬಾಗಿಲು ಹಾಕಿದ್ದರೆ ಆಗಿತ್ತು. ಆದರೆ ಕಾರಿನೊಳಗಿನ ಧಗೆಯನ್ನು ಅವ್ವ ಕೈಯಿಂದ ಮುಟ್ಟಿ ನೋಡಿದಳು. ಸಂಜೆಯೊಳಗೆ ಗೊಜ್ಜು ಹಳಸುತ್ತದೆ ಎಂದಳು. ಎದುರಿನ ಜಗಲಿಯ ಮೇಲೆ ಟಿಕೆಟ್ ಸಿಗದ ನಾಲ್ಕೈದು ಹುಡುಗರು ಕೂತು ಟಿವಿಯಲ್ಲಿ ಆಟ ನೋಡುತ್ತಿದ್ದರು. ಅವ್ವ ಅವರನ್ನು ನೋಡಿದಳು.

ಹುಡುಗರಿಗೆ ಗಿರಮಿಟ್ಟು ಕಲಸಿ ಕೊಟ್ಟೇ ಕೊಟ್ಟಳು. ಒಬ್ಬನಿಗೆ ಖಾರ ನೆತ್ತಿಗೇರಿ ಕೆಮ್ಮಿದ, ಆದರೂ ಮತ್ತೊಮ್ಮೆ ತಟ್ಟೆ ಒಡ್ಡಿದ. ಮತ್ತೊಮ್ಮೆ ಕೇಳಿದವರನ್ನು ಬಿಟ್ಟುಹೋಗುವ ಅವ್ವ ಧಾರವಾಡ ಜಿಲ್ಲೆಯಲ್ಲಿ ಹುಟ್ಟಿಲ್ಲ. ಈ ಕಾಳು ಯಾವುದು, ಈ ಪುಡಿ ಯಾವುದು ಎಂದು ಅವರು ಕೇಳಿದ್ದಕ್ಕೆಲ್ಲ ನಿಂತು ಉತ್ತರ ಹೇಳಿದಳು. ದೂರದಲ್ಲಿ ಕ್ರೀಡಾಂಗಣ ಭೋರ್ಗರೆಯುತ್ತಿತ್ತು. ನಾನು ಅವಳ ಸೆರಗು ಜಗ್ಗಿ, ಜಗ್ಗಿ, ಕೊನೆಗೆ ಅಳುವುದಕ್ಕೇ ಶುರುಮಾಡಿದೆ.

ನಾವು ಒಳಗೆ ಹೋಗುವಾಗ ಮೈದಾನದ ತುಂಬ ಬ್ಯಾಂಡಿನವರು ನಿಂತಿದ್ದರು. ಹಾಫ್ ಟೈಮ್ ಅರ್ಧ ಮುಗಿದಿತ್ತು. ನಮ್ಮ ಸಾಲಿನಲ್ಲಿ ಪ್ರಕಾಶ್ ಅಂಕಲ್ ಮತ್ತು ಆಂಟಿ ಮಾತ್ರ ಇದ್ದರು. ಅಂಕಲ್ ನನ್ನ ಮುಖ ನೋಡಿ ಸ್ವಲ್ಪ ಸರಿದು ಕೂತರು.

‘ನಿಮ್ಮಪ್ಪ ಕಾದ್ರು ಪುಟ್ಟ, ತುಂಬಾ ಹೊತ್ತು ಕಾದ್ರು. ಇವಳೇ ಬಿಡ್ಲಿಲ್ಲ. ಅಂಕಲ್, ಏನೋ ಕಥೆ ಇದ್ಯಂತೆ, ನಂಗೂ ಹೇಳಿ ಅಂತ ಕೈ ಹಿಡ್ಕೊಂಡ್ಬಿಟ್ಳು.’

ತಿರುಗಿ ಮೇಲೆ ನೋಡಿದೆ. ಕಟ್ಟಕಡೆಯ ಸಾಲಿನಲ್ಲಿ ಎರಡು ಕಾವಿ ಚುಕ್ಕೆಗಳು. ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಉದ್ದ ಜಡೆ ಕಾಣುತ್ತಿತ್ತು. ಅಪ್ಪ ಕೈಯಾಡಿಸುತ್ತ ಏನೋ ಹೇಳುತ್ತಿದ್ದರು. ಉಪ್ಪು ಕೇಳುವುದಕ್ಕೆ ಮಾತ್ರ ಬಾಯಿ ತೆರೆಯುವ ನನ್ನ ಅಪ್ಪ ಎರಡೂ ಕೈಯಾಡಿಸುತ್ತ ಹೇಳುತ್ತಿದ್ದರು. ನಡುವೆ ಒಮ್ಮೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ಸೆಕೆ ಇರಬೇಕು ಎಂದುಕೊಂಡೆ. ಹೊಟ್ಟೆಕಿಚ್ಚು ಎಂಬ ಮಾತನ್ನು ಅವ್ವನ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೆ. ಅದು ನಿಜವಾಗಿಯೂ ಹೊಟ್ಟೆಯಲ್ಲೇ ಹತ್ತಿಕೊಳ್ಳುತ್ತದೆಂದು ಆ ದಿನ ತಿಳಿಯಿತು.

ಅವರು ಇಳಿದು ಬಂದರು. ‘ಬಂದ್ಯಾ? ಮುಂದಿನ ವರ್ಷ ಪಕ್ಕಾ’ ಎಂದು ಅಪ್ಪ ನನ್ನ ಕೆನ್ನೆ ತಟ್ಟಿದರು. ತನ್ವಿ ತನ್ನ ಕೈಯಲ್ಲಿದ್ದ ಶೇಂಗಾ ಪೊಟ್ಟಣ ನನ್ನತ್ತ ಚಾಚಿದಳು. ಒಳ್ಳೆಯ ಹುಡುಗಿ, ಅದೇ ಅವಳ ದೊಡ್ಡ ತೊಂದರೆ. ನಾನು ಮುಖ ತಿರುಗಿಸಿದೆ. ಆಮೇಲಿನ ಆಟವಿಡೀ ಅಪ್ಪನ ಕಾಲೇಜು ಸೋಲಲಿ ಎಂದು ಎಲ್ಲ ದೇವರಿಗೂ ಬೇಡಿಕೊಂಡೆ. ಅಷ್ಟು ಜನರಲ್ಲಿ ಕಾವಿ ತೊಟ್ಟು ಹಾಗೆ ಬೇಡಿಕೊಂಡವಳು ನಾನೊಬ್ಬಳೇ ಇರಬೇಕು. ಗೆದ್ದರು. ಅಪ್ಪ ಗುರುತಿಲ್ಲದವರನ್ನೆಲ್ಲ ಅಪ್ಪಿಕೊಂಡರು. ತನ್ವಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದರು. ನನ್ನನ್ನೂ ಎತ್ತಿದರು, ಆದರೆ ಎರಡನೆಯವಳಾಗಿ.

ಮರುವಾರದಿಂದ ನಾನು ಅಪ್ಪನಿಗೆ ಕನ್ನಡದಲ್ಲಿ ಉತ್ತರ ಕೊಡತೊಡಗಿದೆ. ಮೊದಲು ತಪ್ಪುತಪ್ಪಾಗಿ, ಆಮೇಲೆ ಅವ್ವನ ಹಾಗೆ. ಭಾನುವಾರದ ಕನ್ನಡ ಕ್ಲಾಸಿಗೆ ನಾನಾಗಿಯೇ ಹೆಸರು ಕೊಟ್ಟೆ. ಅಲ್ಲಿನ ಆಂಟಿ ನನ್ನನ್ನು ತೋರಿಸಿ, ನೋಡಿ, ತಾಯ್ನುಡಿಯ ಮೇಲೆ ಎಷ್ಟು ಪ್ರೀತಿ ಎಂದು ಬೇರೆ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು. ನೀವೂ ಇದನ್ನು ಓದಿ ಹಾಗೆ ಹೊಗಳಬೇಡಿ. ನನ್ನ ಕನ್ನಡದ ಒಂದೊಂದು ಅಕ್ಷರವೂ ತನ್ವಿಯ ಮೇಲಿನ ಹೊಟ್ಟೆಕಿಚ್ಚಿನಿಂದ ಕಲಿತದ್ದು.

ಮುಂದಿನ ವರ್ಷ ಅಪ್ಪ ಮಾತು ಉಳಿಸಿಕೊಂಡರು. ಇಬ್ಬರೇ ಹತ್ತಿದೆವು. ಮೆಟ್ಟಲುಗಳು ನಿಜಕ್ಕೂ ಎತ್ತರವಿದ್ದವು. ಮೇಲೆ ಗಾಳಿ ಬೀಸುತ್ತಿತ್ತು, ಕೆಳಗೆ ಬ್ಯಾಂಡಿನವರು ಇರುವೆ ಸಾಲಿನಂತೆ ಕಾಣುತ್ತಿದ್ದರು. ಅಪ್ಪ ನನ್ನನ್ನು ಆ ಸೀಟಿನಲ್ಲೇ ಕೂರಿಸಿ, ಶೇಂಗಾ ಸುಲಿದು ಕೈಗಿಟ್ಟರು. ನಾನು ವಾರವಿಡೀ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಮಾತನ್ನು ಹೇಳಿದೆ.

‘ಅಪ್ಪಾ, ಈ ಸೀಟಿನ ಕಥಿ ಹೇಳ್ರಿ.’

ಅಪ್ಪ ಮೈದಾನದಿಂದ ಕಣ್ಣು ತೆಗೆಯದೆ, ‘ಹ್ವಾದ ವರ್ಷ ಹೇಳೀನಲ್ಲ’ ಎಂದರು.

ಅದು ನನಗಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂತು. ಹೇಳಿದರೆ, ಮತ್ತ್ಯಾರಿಗೆ ಎಂದು ಅವರು ಕೇಳುತ್ತಾರೆ, ಆಗ ಆ ಹೆಸರು ನನ್ನ ಬಾಯಿಂದಲೇ ಬರಬೇಕು. ಆ ಸೀಟಿನಲ್ಲಿ ಕೂತು ಅವಳ ಹೆಸರೆತ್ತಲು ನಾನು ತಯಾರಿರಲಿಲ್ಲ. ಹೌದು ಎಂದುಬಿಟ್ಟೆ. ಇಬ್ಬರೂ ಶೇಂಗಾ ತಿಂದು ಇಳಿದು ಬಂದೆವು.

ಅದಾದ ಕೆಲವು ವರ್ಷಕ್ಕೆ ಹೋಗುವುದು ತಪ್ಪಿತು. ಅಪ್ಪನ ಮೊಣಕಾಲು ನೋವು ಶುರುವಾಯಿತು, ನನಗೆ ಪರೀಕ್ಷೆಗಳು. ಅಪ್ಪನ ಕಾಲೇಜಿನಲ್ಲಿ ನನಗೆ ಸೀಟು ಸಿಗಲಿಲ್ಲ. ನಾನು ಹ್ಯೂಸ್ಟನ್‌ನಲ್ಲೇ ಓದಿದೆ. ಯಾರಿಗೆ ಸಿಕ್ಕಿತೆಂದು ನಾನು ಬೇರೆ ಹೇಳಬೇಕೇ? ಅವಳು ಕಾಲೇಜಿಗೆ ಸೇರಿದ ದಿನ ಅಪ್ಪ ಇಡೀ ಆಫೀಸಿಗೆ ಪೇಡೆ ಹಂಚಿದರು.

ಹೋದ ವರ್ಷ ಕ್ಯಾರಲ್ಟನ್‌ನಲ್ಲಿ ತನ್ವಿಯ ನಿಶ್ಚಿತಾರ್ಥ. ಮೆಹಂದಿ ಹಚ್ಚಿದ ಎರಡು ಕೈಗಳನ್ನೂ ಒಣಗಲು ಚಾಚಿಕೊಂಡು ಕೂತಿದ್ದಳು. ಅವಳ ಅಜ್ಜಿ ತೀರಿಕೊಂಡ ಮೇಲೆ ಅವಳ ಕನ್ನಡ ‘ಚೆನ್ನಾಗಿದ್ದೀರಾ’ ಎಂಬಲ್ಲಿಗೇ ಮುಗಿಯುತ್ತದೆ. ಅವಳಿಗೆ ತುತ್ತು ತಿನ್ನಿಸುತ್ತ, ಏನೂ ಅಲ್ಲವೆಂಬಂತೆ, ಆ ದಿನ ಮೇಲಿನ ಸಾಲಿನಲ್ಲಿ ಅಪ್ಪ ಏನು ಹೇಳಿದ್ದರು ಎಂದು ಕೇಳಿದೆ. ನಿನಗೆ ಗೊತ್ತಿಲ್ಲವೇ ಎಂದು ಆಶ್ಚರ್ಯಪಟ್ಟು, ಇಂಗ್ಲಿಷಿನಲ್ಲಿ ಎಲ್ಲ ಹೇಳಿದಳು.

ಅಪ್ಪ ಬಂದ ಹೊಸದು, ಒಬ್ಬರ ಪರಿಚಯವೂ ಇಲ್ಲ. ಒಬ್ಬರೇ ಆಟಕ್ಕೆ ಹೋಗಿದ್ದರು. ಎಲ್ಲರೂ ಎದ್ದುನಿಂತು ಕಾಲೇಜಿನ ಹಾಡು ಹೇಳತೊಡಗಿದರು. ಅಷ್ಟು ದೊಡ್ಡ ಜನಸಾಗರದಲ್ಲಿ ಬಾಯಿ ಮುಚ್ಚಿಕೊಂಡು ನಿಂತವನು ತಾನೊಬ್ಬನೇ ಎಂದು ನಾಚಿಕೆಯಾಗಿ, ಧಾರವಾಡದ ತಮ್ಮ ಶಾಲೆಯಲ್ಲಿ ಬೆಳಿಗ್ಗೆ ಹೇಳುತ್ತಿದ್ದ ಪ್ರಾರ್ಥನೆಯನ್ನೇ ಗಟ್ಟಿಯಾಗಿ ಹೇಳಿದರಂತೆ. ಈ ಗದ್ದಲದಲ್ಲಿ ಯಾರಿಗೆ ಕೇಳುತ್ತದೆ ಎಂಬ ಧೈರ್ಯ. ಮುಂದಿನ ಸಾಲಿನ ಹುಡುಗನಿಗೆ ಕೇಳಿತು. ಅವನು ತಿರುಗಿ, ‘ಯಾವೂರು ಗುರುವೇ?’ ಎಂದ. ಅವನೇ ಪ್ರಕಾಶ್ ಅಂಕಲ್. ಆ ಊರಿನಲ್ಲಿ ನನ್ನನ್ನು ಕನ್ನಡದಲ್ಲಿ ಮೊದಲು ಮಾತಾಡಿಸಿದವನು ನಿಮ್ಮಪ್ಪ ಎಂದು ತನ್ವಿಗೆ ಹೇಳುತ್ತ ಅಪ್ಪ ಅತ್ತುಬಿಟ್ಟರಂತೆ.

ಕಥೆಯಲ್ಲಿ ಅರ್ಧ ಪಾಲು ತನ್ವಿಯದೇ. ಆ ನ್ಯಾಯ ನನಗೆ ತಿಳಿಯುತ್ತದೆ. ತಿಳಿದರೆ ಹೊಟ್ಟೆಕಿಚ್ಚು ಆರುತ್ತದೆಯೇ? ಅಪ್ಪ ಅಳುವುದನ್ನು ನಾನು ಈವರೆಗೂ ನೋಡಿಲ್ಲ. ನೋಡಿದವಳು ಮೆಹಂದಿ ಕೈ ಚಾಚಿಕೊಂಡು ಇನ್ನೊಂದು ತುತ್ತು ಕೇಳುತ್ತಿದ್ದಳು.

ಈ ಸೆಪ್ಟೆಂಬರಿನ ಒಂದು ಶನಿವಾರ ಸ್ಟಾಫರ್ಡ್ ಮನೆಗೆ ಹೋಗಿದ್ದೆ. ಅಪ್ಪ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಸೋಫಾದಲ್ಲಿ ಕೂತು ಆಟ ನೋಡುತ್ತಿದ್ದರು. ಕಾವಿ ಶರ್ಟು ತೊಳೆದು ತೊಳೆದು ಬಿಳಿಚಿಕೊಂಡಿದೆ. ಅವ್ವ ಗಿರಮಿಟ್ಟು ಕಲಸಿ ತಂದಳು. ಈಗ ಅದನ್ನು ಯಾವ ಬಾಗಿಲಲ್ಲೂ ಯಾರೂ ತಡೆಯುವುದಿಲ್ಲ. ನಾನು ಅಪ್ಪನ ಪಕ್ಕ ಕೂತೆ.

‘ಅಪ್ಪಾ, ಆ ಮ್ಯಾಲಿನ ಸೀಟಿನ ಕಥಿ ಹೇಳ್ರಿ.’

‘ಹೇಳೀನಲ್ಲ.’

‘ಮತ್ತೊಮ್ಮೆ ಹೇಳ್ರಿ.’

ಅಷ್ಟರಲ್ಲಿ ಜಾಹೀರಾತು ಬಂತು. ಅಪ್ಪ ಟಿವಿಯ ಧ್ವನಿ ಅಡಗಿಸಿ, ನನ್ನ ಕಡೆ ತಿರುಗಿ, ಎಲ್ಲವನ್ನೂ ಹೇಳಿದರು. ಒಬ್ಬರೇ ಹೋದದ್ದು, ಹಾಡು ಬಾರದ್ದು, ಪ್ರಾರ್ಥನೆ, ಮುಂದಿನ ಸಾಲಿನ ಹುಡುಗ. ಏನೂ ಬಿಡಲಿಲ್ಲ. ಹೇಳಿ ಮುಗಿಸುವವರೆಗೆ ನಾನು ಅವರ ಕನ್ನಡಕವನ್ನೇ ನೋಡುತ್ತಿದ್ದೆ. ಅದು ಮೂಗಿನ ಮೇಲಿಂದ ಕದಲಲಿಲ್ಲ.

ಜಾಹೀರಾತು ಮುಗಿಯಿತು. ಅಪ್ಪ ಮತ್ತೆ ಧ್ವನಿ ಏರಿಸಿದರು.